ಆಟದಲ್ಲಿ ಅಕ್ಕರೆ, ತಟ್ಟೆಯಲ್ಲಿ ಮುನಿಸು: ಆಹಾರದ ಪುಸ್ತಕ, ಆಟ, ಕ್ರಾಫ್ಟ್‌ಗಳಿಂದ ಮಗು ತರಕಾರಿ ತಿನ್ನಲು ಕಲಿಯುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ, ಮಗಳಿಗೆ ಎಂಟು. ಎರಡು ವರ್ಷ ತುಂಬುವವರೆಗೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದ ಮಗ ಈಗ ತರಕಾರಿಗಳಲ್ಲಿ ಆಲೂಗಡ್ಡೆ ಮತ್ತು ಕ್ಯಾರೆಟ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಉಳಿದ ಊಟಕ್ಕೆ ತಕರಾರಿಲ್ಲ. ಎತ್ತರ, ತೂಕ ಸರಿಯಾಗಿವೆ ಎಂದು ವೈದ್ಯರು ಹೇಳಿದ್ದಾರೆ. ಆರು ತಿಂಗಳಿಂದ ಅವನಿಗಾಗಿ ತರಕಾರಿಗಳ ಚಿತ್ರಪುಸ್ತಕಗಳನ್ನು ಓದುತ್ತಿದ್ದೇನೆ, ಆಟಿಕೆ ಅಡುಗೆಮನೆ ತಂದುಕೊಟ್ಟಿದ್ದೇನೆ, ಕತ್ತರಿಸಿದ ತರಕಾರಿಯನ್ನು ಬಣ್ಣದಲ್ಲಿ ಅದ್ದಿ ಅಚ್ಚು ಹಾಕಿಸುತ್ತೇನೆ, ಒಣ ಕಾಳುಗಳನ್ನು ಅಂಟಿಸಿ ಚಿತ್ರ ಮಾಡಿಸುತ್ತೇನೆ. ಎಲ್ಲವನ್ನೂ ಖುಷಿಯಿಂದ ಮಾಡುತ್ತಾನೆ, ಎಲ್ಲ ತರಕಾರಿಗಳ ಹೆಸರು ಹೇಳುತ್ತಾನೆ. ಆದರೆ ಅದೇ ತರಕಾರಿ ತಟ್ಟೆಗೆ ಬಂದರೆ ತಟ್ಟೆಯನ್ನೇ ದೂಡುತ್ತಾನೆ. ಆಹಾರವನ್ನು ಆಟದ ವಸ್ತು ಮಾಡಿದ್ದೇ ತಪ್ಪಾಯಿತು ಎಂದು ನಮ್ಮ ಅತ್ತೆಯವರು ಬೇಸರಪಡುತ್ತಾರೆ. ಒಮ್ಮೆ ಕಾಳೊಂದನ್ನು ಮೂಗಿಗೆ ಸೇರಿಸಿಕೊಂಡು ನಮ್ಮೆಲ್ಲರನ್ನೂ ಹೆದರಿಸಿದ್ದೂ ಆಗಿದೆ. ಇನ್ನು ಮಗಳು, 'ಒಳ್ಳೆಯ ಆಹಾರ, ಕೆಟ್ಟ ಆಹಾರ' ಕಲಿಸುವ ಟ್ಯಾಬ್ಲೆಟ್ ಆಟವೊಂದನ್ನು ಆಡತೊಡಗಿದ ಮೇಲೆ ಗೆಳತಿಯ ಹುಟ್ಟುಹಬ್ಬದಲ್ಲಿ ಕೇಕು ಬೇಡವೆಂದು ಬಂದಿದ್ದಾಳೆ. ತಮ್ಮ ಬಿಸ್ಕತ್ತು ತಿಂದರೆ ಬೈಯುತ್ತಾಳೆ. ಈ ಪುಸ್ತಕ, ಆಟಗಳಿಂದ ನಿಜಕ್ಕೂ ಉಪಯೋಗವಿದೆಯೇ, ಅಥವಾ ನಾನು ಸಮಯ ಹಾಳು ಮಾಡುತ್ತಿದ್ದೇನೆಯೇ?

ಉತ್ತರ: ನೀವು ಕೇಳಿರುವ ಸಂಗತಿಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ. ಇಷ್ಟೆಲ್ಲ ಶ್ರಮ ಹಾಕಿದರೂ ಮಗ ತಿನ್ನುತ್ತಿಲ್ಲ, ಅದರ ಬದಲು ಮಗಳಲ್ಲಿ ಬೇಡದ ಭಯವೊಂದು ಹುಟ್ಟಿದೆ, ಹಾಗಿದ್ದರೆ ನಾನು ಹಿಡಿದ ದಾರಿಯೇ ತಪ್ಪೇ ಎಂಬುದು ನಿಮ್ಮನ್ನು ಕಾಡುತ್ತಿದೆ. ಮಕ್ಕಳ ಪೌಷ್ಟಿಕ ತಜ್ಞೆಯಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ದಾರಿ ತಪ್ಪಲ್ಲ, ಆರು ತಿಂಗಳೂ ವ್ಯರ್ಥವಾಗಿಲ್ಲ. ಆದರೆ ಪುಸ್ತಕವಾಗಲಿ, ಆಟವಾಗಲಿ, ಕ್ರಾಫ್ಟ್ ಆಗಲಿ ಮಗುವನ್ನು ಒಂದು ಆಹಾರದ ಹತ್ತಿರಕ್ಕೆ ಕರೆದೊಯ್ಯಬಲ್ಲವೇ ಹೊರತು ಅದರ ರುಚಿಯನ್ನು ಒಗ್ಗಿಸಲಾರವು. ರುಚಿ ಒಗ್ಗುವುದು ನಾಲಿಗೆಯ ಮೇಲೆ ಮಾತ್ರ. ಹತ್ತಿರ ತರುವ ಕೆಲಸವನ್ನು ನೀವು ಚೆನ್ನಾಗಿಯೇ ಮಾಡಿದ್ದೀರಿ; ಅಲ್ಲಿಂದ ನಾಲಿಗೆಯವರೆಗಿನ ಸ್ವಲ್ಪ ದೂರ ಹೇಗೆ ಸಾಗಬೇಕೆಂಬುದು ಉಳಿದಿದೆ.

ಎರಡು ವರ್ಷದವರೆಗೆ ಎಲ್ಲವನ್ನೂ ತಿನ್ನುತ್ತಿದ್ದ ಮಗು ಆಮೇಲೆ ಹಟ ಹಿಡಿದದ್ದಕ್ಕೆ ಆಟಗಳು ಕಾರಣವಲ್ಲ, ನೀವೂ ಕಾರಣರಲ್ಲ. ಹೊಸ ಅಥವಾ ಅಪರಿಚಿತವಾಗಿ ಕಾಣುವ ಆಹಾರದ ಬಗೆಗಿನ ಅಂಜಿಕೆ ಸಾಮಾನ್ಯವಾಗಿ ಎರಡರಿಂದ ಆರು ವರ್ಷದ ನಡುವೆ ಹೆಚ್ಚಾಗಿರುತ್ತದೆ. ನಡೆಯಲು ಕಲಿತು ತಾಯಿಯ ಕಣ್ಣಳತೆಯಿಂದಾಚೆ ಹೋಗುವ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಿರಲೆಂದು ಪ್ರಕೃತಿಯೇ ಇಟ್ಟ ಕಾವಲು ಇದು ಎಂಬುದು ಅನೇಕ ವಿಜ್ಞಾನಿಗಳ ಊಹೆ. ಎಂಟರಿಂದ ಹನ್ನೊಂದು ವರ್ಷದ ಐದು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ಒಳಗೊಂಡು 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಈ ಅಂಜಿಕೆಯಲ್ಲಿ ಮಗುವಿನಿಂದ ಮಗುವಿಗೆ ಕಾಣುವ ವ್ಯತ್ಯಾಸದ ಸುಮಾರು ಶೇ 78ರಷ್ಟು ಅನುವಂಶೀಯ ಎಂದು ಅಂದಾಜಿಸಿತು. ಇದರರ್ಥ ಏನೂ ಮಾಡಲಾಗದು ಎಂದಲ್ಲ. ಒಂದೇ ಮನೆಯಲ್ಲಿ, ಒಂದೇ ಕೈಯಡುಗೆ ಉಂಡು ಬೆಳೆದ ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ನಡೆದುಕೊಂಡರೆ ಅದನ್ನು ತಾಯಿಯ ತಲೆಗೆ ಕಟ್ಟಬೇಕಾಗಿಲ್ಲ ಎಂದು ಮಾತ್ರ.

ಇದರ ಜೊತೆಗೆ ಕಹಿಯ ಪ್ರಶ್ನೆಯಿದೆ. ಹಸಿರು ಸೊಪ್ಪು, ಬ್ರೊಕೋಲಿ, ಎಲೆಕೋಸಿನಂತಹವುಗಳಲ್ಲಿ ನಮಗೆ ಗಮನಕ್ಕೇ ಬಾರದ ಕಹಿ ಅಂಶಗಳಿರುತ್ತವೆ. ಕೆಲವು ಕಹಿಗಳನ್ನು ಗುರುತಿಸುವ ಶಕ್ತಿ ಟಿಎಎಸ್2ಆರ್38 ಎಂಬ ವಂಶವಾಹಿಯ ಬಗೆಯನ್ನು ಅವಲಂಬಿಸಿದೆ. ಆ ವಂಶವಾಹಿಯ ಒಂದೇ ಬಗೆಯನ್ನು ಹೊತ್ತವರಲ್ಲೂ ದೊಡ್ಡವರಿಗಿಂತ ಮಕ್ಕಳಿಗೆ ಕಹಿ ಹೆಚ್ಚು ತಾಗಬಹುದೆಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದ್ದಾರೆ. 'ಇದರಲ್ಲಿ ಕಹಿ ಎಲ್ಲಿದೆ, ಸುಮ್ಮನೆ ನಾಟಕ' ಎಂದು ನಾವು ಮಗುವಿಗೆ ಹೇಳುವಾಗ ಅದರ ನಾಲಿಗೆಯ ಅನುಭವ ನಮ್ಮದಕ್ಕಿಂತ ಬೇರೆಯೇ ಆಗಿರಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಮಕ್ಕಳ ಆಹಾರ ವರ್ತನೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಆನ್ ಬರ್ಚ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪುಟ್ಟ ಮಕ್ಕಳಿಗೆ ಕೆಲವು ಹೊಸ ಆಹಾರಗಳನ್ನು ಪದೇ ಪದೇ ಬರಿದೇ ತೋರಿಸಲಾಯಿತು, ಬೇರೆ ಕೆಲವನ್ನು ಪದೇ ಪದೇ ರುಚಿ ನೋಡಿಸಲಾಯಿತು. ಬರಿದೇ ನೋಡಿದ ಆಹಾರಗಳು ಮಕ್ಕಳ ಕಣ್ಣಿಗೆ ಹಿತವಾದವು, ಆದರೆ ನಾಲಿಗೆಗೆ ಹಿತವಾಗಲಿಲ್ಲ. ರುಚಿಯ ಒಲವು ಬೆಳೆದದ್ದು ರುಚಿ ನೋಡಿದವುಗಳ ವಿಷಯದಲ್ಲಿ ಮಾತ್ರ. ನಿಮ್ಮ ಮಗನ ನಡವಳಿಕೆ ಇದಕ್ಕೆ ಹೊಂದುತ್ತದೆ. ಬೀಟ್‌ರೂಟಿನ ಚಿತ್ರ ಕಂಡರೆ ಹಿಗ್ಗುವ ಮಗು ಬೀಟ್‌ರೂಟಿನ ತುಂಡು ಕಂಡರೆ ಹಿಂಜರಿಯುವುದರಲ್ಲಿ ವಿರೋಧಾಭಾಸವೇನಿಲ್ಲ. ಹೊಸ ರುಚಿ ಒಗ್ಗಲು ಸಾಮಾನ್ಯವಾಗಿ ಎಂಟರಿಂದ ಹದಿನೈದು ಸಲ ಅದು ನಾಲಿಗೆಗೆ ತಾಗಬೇಕೆಂದು ಹೇಳಲಾಗುತ್ತದೆ. ಕೆಲವು ಮಕ್ಕಳಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಮೂರು ನಾಲ್ಕು ಸಲಕ್ಕೇ 'ಇವನಿಗೆ ಇದು ಸೇರುವುದಿಲ್ಲ' ಎಂಬ ತೀರ್ಮಾನವಾಗಿಬಿಡುತ್ತದೆ. ಪೂರ್ತಿ ತುತ್ತು ನುಂಗಿದರೆ ಮಾತ್ರ ಲೆಕ್ಕ ಎಂದೇನೂ ಇಲ್ಲ, ಒಮ್ಮೆ ನೆಕ್ಕಿದರೂ, ಕಚ್ಚಿ ಉಗುಳಿದರೂ ಅದು ಒಂದು ಸಲವೇ. ಉಗುಳಲು ಕಾಗದದ ಕರವಸ್ತ್ರವೊಂದನ್ನು ಪಕ್ಕದಲ್ಲಿಟ್ಟು, ಬೇಡವೆನಿಸಿದರೆ ಅದರಲ್ಲಿ ಹಾಕಬಹುದು ಎಂದು ಮೊದಲೇ ಹೇಳಿಬಿಟ್ಟರೆ ಎಷ್ಟೋ ಮಕ್ಕಳು ಧೈರ್ಯ ಮಾಡುತ್ತಾರೆ. ನುಂಗಲೇಬೇಕೆಂಬ ಕಟ್ಟುಪಾಡೇ ಅವರನ್ನು ಬಾಯಿ ಬಿಗಿಯುವಂತೆ ಮಾಡಿರುತ್ತದೆ.

ಹಾಗಾದರೆ ಚಿತ್ರಪುಸ್ತಕಗಳ ಪಾತ್ರವೇನು? ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದಲ್ಲಿ ಕಾರ್ಮೆಲ್ ಹ್ಯೂಸ್ಟನ್-ಪ್ರೈಸ್ ಮತ್ತು ಸಂಗಡಿಗರು ಈ ಕುರಿತು ಹಲವು ಅಧ್ಯಯನಗಳನ್ನು ನಡೆಸಿದ್ದಾರೆ. 2014ರಲ್ಲಿ ಪ್ರಕಟವಾದ ಒಂದರಲ್ಲಿ, ಸುಮಾರು ಎರಡು ವರ್ಷದ ಮಕ್ಕಳೊಡನೆ ಹೆತ್ತವರು ಒಂದು ಅಪರಿಚಿತ ತರಕಾರಿಯ ಚಿತ್ರಪುಸ್ತಕವನ್ನು ಎರಡು ವಾರ ದಿನವೂ ನೋಡಿದ ಬಳಿಕ, ಆ ತರಕಾರಿಯನ್ನು ರುಚಿ ನೋಡಲು ಮಕ್ಕಳು ಹೆಚ್ಚು ಮುಂದಾದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪುಸ್ತಕದ ಹಿಂದೆಯೇ ನಿಜವಾದ ತರಕಾರಿಯೂ ಮಗುವಿನ ಮುಂದೆ ಬಂದಿತ್ತು. ಇಪ್ಪತ್ತು ತರಕಾರಿಗಳ ಹೆಸರು ಕಲಿಸುವ ದೊಡ್ಡ ಪುಸ್ತಕಕ್ಕಿಂತ, ಈ ಎರಡು ವಾರ ನಿಮ್ಮ ಅಡುಗೆಮನೆಗೆ ನಿಜವಾಗಿ ಬರಲಿರುವ ಒಂದೇ ತರಕಾರಿಯ ಕುರಿತ ನಾಲ್ಕು ಪುಟ ಹೆಚ್ಚು ಕೆಲಸ ಮಾಡುತ್ತದೆ. ಅಂಥ ಪುಸ್ತಕ ಸಿಗದಿದ್ದರೆ ನೀವೇ ಮಾಡಬಹುದು: ಬಟಾಣಿ ಬಳ್ಳಿಯಲ್ಲಿರುವುದು, ಸಿಪ್ಪೆಯೊಳಗೆ ಸಾಲಾಗಿ ಕುಳಿತಿರುವುದು, ಬಟ್ಟಲಲ್ಲಿ ಬೇಯುತ್ತಿರುವುದು, ನಿಮ್ಮದೇ ತಟ್ಟೆಯಲ್ಲಿರುವುದು ಹೀಗೆ ನಾಲ್ಕು ಫೋಟೊಗಳನ್ನು ಮಗನೊಂದಿಗೆ ಕೂತು ಅಂಟಿಸಿ ಹೊಲಿದರೆ ಅದೇ ಒಂದು ಒಳ್ಳೆಯ ಕ್ರಾಫ್ಟ್. ಕಣ್ಣು ಬಾಯಿ ಬರೆದ, ನಗುವ ಅಳುವ ತರಕಾರಿಗಳ ಕಥೆಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಓದಲು ಅವು ಮುದ್ದಾಗಿರುತ್ತವೆ, ಆದರೆ ಕಥೆಯಲ್ಲಿ ಗೆಳೆಯನಾದ ಟೊಮೆಟೊವನ್ನು ಕತ್ತರಿಸುವುದನ್ನು ಕಂಡು ಕಣ್ಣೀರು ಹಾಕಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಉಪದೇಶದ ಕಥೆಗಳ ವಿಷಯದಲ್ಲಂತೂ ಅನುಮಾನ ಇನ್ನೂ ಹೆಚ್ಚು. ಮಿಖಾಲ್ ಮೈಮರಾನ್ ಮತ್ತು ಆಯೆಲೆಟ್ ಫಿಶ್‌ಬಾಕ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ತಿಂಡಿ ತಿಂದರೆ ಶಕ್ತಿ ಬರುತ್ತದೆ ಅಥವಾ ಓದು ಲೆಕ್ಕ ಬರುತ್ತದೆ ಎಂಬ ಕಥೆ ಕೇಳಿದ ಶಾಲಾಪೂರ್ವ ವಯಸ್ಸಿನ ಮಕ್ಕಳು, ಅಂಥ ಉಪದೇಶವಿಲ್ಲದ ಕಥೆ ಕೇಳಿದ ಮಕ್ಕಳಿಗಿಂತ ಕಡಿಮೆ ತಿಂದರು. ಉಪಯೋಗಕ್ಕೆ ಬರುವುದು ರುಚಿಯಾಗಿರಲಾರದು ಎಂದು ಪುಟ್ಟ ಮಕ್ಕಳು ತಾವೇ ತರ್ಕಿಸುತ್ತಾರೆ ಎಂಬುದು ಸಂಶೋಧಕರ ವಿವರಣೆ. ಕ್ಯಾರೆಟ್ ತಿಂದರೆ ಕತ್ತಲಲ್ಲೂ ಕಣ್ಣು ಕಾಣುತ್ತದೆ ಎಂಬ, ಮಕ್ಕಳ ಪುಸ್ತಕಗಳಲ್ಲಿ ಇಂದಿಗೂ ಕಾಣುವ ಮಾತು ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಪ್ರಚಾರದಿಂದ ಹಬ್ಬಿದ್ದು. 'ಎ' ಜೀವಸತ್ವದ ಕೊರತೆಯಿದ್ದರೆ ಇರುಳುಗುರುಡು ಬರುತ್ತದೆ ಎಂಬುದು ನಿಜ, ಕೊರತೆಯಿಲ್ಲದ ಮಗುವಿಗೆ ಕ್ಯಾರೆಟ್ ಹೆಚ್ಚುವರಿ ದೃಷ್ಟಿ ಕೊಡುವುದಿಲ್ಲ ಎಂಬುದೂ ನಿಜ. ಓದುವಾಗ ಬಣ್ಣ, ಸದ್ದು, ವಾಸನೆ, ಕಚ್ಚಿದಾಗಿನ ಕರಕರವನ್ನು ವರ್ಣಿಸಿ; ಲಾಭವನ್ನು ಬಿಟ್ಟುಬಿಡಿ.

ಮುಟ್ಟಿ ಆಡುವ ಆಟಗಳಿಗೆ ಚಿತ್ರಗಳಿಗಿಂತ ಹೆಚ್ಚಿನ ಬಲವಿದೆ. ಬ್ರಿಟನ್ನಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದ ಹೆಲೆನ್ ಕೋಲ್ತಾರ್ಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾದ ಹಣ್ಣು ತರಕಾರಿಗಳನ್ನು ಕೈಯಾರೆ ಬಳಸಿ ಚಿತ್ರ ಮಾಡಿದ ಮೂರು ನಾಲ್ಕು ವರ್ಷದ ಮಕ್ಕಳು, ಆಹಾರವಲ್ಲದ ವಸ್ತುಗಳಿಂದ ಅದೇ ಬಗೆಯ ಆಟವಾಡಿದವರಿಗಿಂತ ಹೆಚ್ಚು ಬಗೆಯ ಹಣ್ಣು ತರಕಾರಿಗಳನ್ನು ಬಾಯಿಗಿಟ್ಟು ನೋಡಿದರು. ಹಿಸುಕಿದಾಗ ಬರುವ ರಸ, ಅಂಗೈಗೆ ಹತ್ತುವ ಲೋಳೆ, ಬೆರಳಿಗಂಟಿದ ವಾಸನೆ ಇವೆಲ್ಲ ಬಾಯೊಳಗೆ ಏನಾಗಲಿದೆ ಎಂಬುದರ ಮುನ್ಸೂಚನೆಯನ್ನು ಮಗುವಿಗೆ ಕೊಡುತ್ತವೆ. ಆಟಿಕೆ ಅಡುಗೆಮನೆಯ ಪ್ಲಾಸ್ಟಿಕ್ ತರಕಾರಿಗಳಿಂದ ಇದು ಸಾಧ್ಯವಿಲ್ಲ. ಮಾತು ಬೆಳೆಯಲು, ಸರದಿ ಕಾಯಲು, ಎಣಿಸಲು, ಇನ್ನೊಬ್ಬರಿಗೆ ಬಡಿಸಿ ಉಪಚರಿಸುವುದನ್ನು ಕಲಿಯಲು ಆ ಆಟಿಕೆ ಬಹಳ ಒಳ್ಳೆಯದು, ಅದನ್ನು ಆ ಕಾರಣಕ್ಕಾಗಿಯೇ ಇಟ್ಟುಕೊಳ್ಳಿ. ಊಟದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ನಿಮ್ಮ ತರಕಾರಿ ಅಚ್ಚಿನ ಕ್ರಾಫ್ಟ್‌ನಲ್ಲಿ ಒಂದು ತೊಡಕಿದೆ. ಬಣ್ಣದಲ್ಲಿ ಅದ್ದಿದ ಕೂಡಲೇ ತರಕಾರಿಯ ವಾಸನೆ, ರುಚಿ, ಮೈ ಎಲ್ಲವೂ ಮುಚ್ಚಿಹೋಗುತ್ತವೆ; ಅಲ್ಲದೆ 'ಬಾಯಿಗೆ ಹಾಕಬೇಡ, ಬಣ್ಣವಿದೆ' ಎಂದು ನೀವೇ ಹತ್ತು ಸಲ ಹೇಳಬೇಕಾಗುತ್ತದೆ. ತಟ್ಟೆಯಲ್ಲಿ ತಿನ್ನಿಸಬೇಕೆಂದಿರುವ ತರಕಾರಿಯನ್ನೇ ತಿನ್ನಬಾರದ ವಸ್ತುವಾಗಿ ಪರಿಚಯಿಸಿದಂತಾಗುತ್ತದೆ. ಅಚ್ಚಿಗೆ ಬಿಸಾಡುವ ಬುಡ, ತುದಿಗಳನ್ನಷ್ಟೇ ಬಳಸಿ. ಪರಿಚಯದ ಆಟಕ್ಕಾದರೆ ಬಣ್ಣ, ಅಂಟು ಯಾವುದೂ ಇಲ್ಲದೆ, ತೊಳೆದ ತರಕಾರಿ ತುಂಡುಗಳನ್ನು ಸ್ವಚ್ಛವಾದ ತಟ್ಟೆಯ ಮೇಲೆ ಜೋಡಿಸಿ ಮುಖ, ಮನೆ, ರೈಲು ಮಾಡಿಸಿ. ಕೈ ತೊಳೆದು ಕೂತ ಮಗು ಆಟದ ನಡುವೆ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರೆ ಯಾರೂ ಬೆಚ್ಚಿಬೀಳಬೇಕಾಗಿಲ್ಲ, ಯಾರೂ ಚಪ್ಪಾಳೆ ತಟ್ಟಬೇಕಾಗಿಯೂ ಇಲ್ಲ.

ಚಪ್ಪಾಳೆಯ ಮಾತನ್ನು ಬೇಕೆಂದೇ ಹೇಳಿದೆ. ನನ್ನಲ್ಲಿಗೆ ಬರುವ ಹೆತ್ತವರಲ್ಲಿ ಅನೇಕರು ಆಟ ಶುರುಮಾಡುವುದೇ ಕೊನೆಯಲ್ಲಿ ಒಂದು ತುತ್ತು ತಿನ್ನಿಸುವ ಉದ್ದೇಶದಿಂದ. ನಾಲ್ಕೂವರೆ ವರ್ಷದ ಮಗುವಿಗೆ ಈ ಒಳಸಂಚು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಊಟದ ಜೊತೆಗೆ ಆಟವೂ, ಪುಸ್ತಕವೂ ಕಹಿಯಾಗುತ್ತವೆ. ಒತ್ತಾಯದಿಂದಾಗುವ ಹಾನಿಗೆ ಆಧಾರವೂ ಇದೆ: 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 'ಸೂಪ್ ಮುಗಿಸು' ಎಂದು ಪದೇ ಪದೇ ಹೇಳಿಸಿಕೊಂಡ ಮಕ್ಕಳು, ಹಾಗೆ ಹೇಳಿಸಿಕೊಳ್ಳದಾಗ ಕುಡಿದದ್ದಕ್ಕಿಂತ ಕಡಿಮೆ ಕುಡಿದರು, ಸೂಪಿನ ಬಗ್ಗೆ ಹೆಚ್ಚು ದೂರಿದರು. ಬಹುಮಾನದ ವಿಷಯ ಇಷ್ಟು ನೇರವಾಗಿಲ್ಲ. 'ಇದನ್ನು ತಿಂದರೆ ಸಿಹಿ ಕೊಡುತ್ತೇನೆ' ಎಂಬ ವ್ಯವಹಾರ ಸಿಹಿಯ ಬೆಲೆಯನ್ನು ಏರಿಸಿ ತರಕಾರಿಯ ಬೆಲೆಯನ್ನು ಇಳಿಸುತ್ತದೆ, ಅದನ್ನು ಬಿಟ್ಟುಬಿಡಿ. ಆದರೆ ಒಂದು ಚೂರನ್ನು ರುಚಿ ನೋಡಿದ್ದಕ್ಕೆ ಪುಟ್ಟ ಸ್ಟಿಕರ್ ಕೊಟ್ಟಾಗ ಒಲವು ಹೆಚ್ಚಿದ್ದನ್ನು 2011ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿದೆ. ಬಹಳ ಹಿಂಜರಿಯುವ ಮಗುವಿಗೆ ಇದನ್ನು ಕೆಲವು ವಾರ ಪ್ರಯತ್ನಿಸಬಹುದು. ಸ್ಟಿಕರ್ ಸಿಗಲಿಲ್ಲವೆಂದು ಅಳು ಶುರುವಾದರೆ ನಿಲ್ಲಿಸಬೇಕು. ಕಾರ್ಟೂನ್ ಪಾತ್ರದ ಸ್ಟಿಕರನ್ನು ಹಣ್ಣಿನ ಮೇಲೆಯೇ ಅಂಟಿಸಿದರೆ ಮಕ್ಕಳು ಅದನ್ನೇ ಆರಿಸುತ್ತಾರೆ ಎಂಬ ಇನ್ನೊಂದು ಸಲಹೆಯನ್ನೂ ನೀವು ಕೇಳಿರಬಹುದು. ಅದಕ್ಕೆ ಆಧಾರವಾಗಿ ಹೆಚ್ಚು ಉಲ್ಲೇಖಗೊಂಡ, ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯನ್ ವಾನ್‌ಸಿಂಕ್ ಅವರ 2012ರ ಪ್ರಬಂಧವನ್ನು 2017ರಲ್ಲಿ ಹಿಂತೆಗೆದುಕೊಳ್ಳಲಾಯಿತು; ಎಂಟರಿಂದ ಹನ್ನೊಂದು ವರ್ಷದವರೆಂದು ಬರೆಯಲಾಗಿದ್ದ ಆ ಮಕ್ಕಳು ವಾಸ್ತವದಲ್ಲಿ ಮೂರರಿಂದ ಐದು ವರ್ಷದವರಾಗಿದ್ದರು.

ಆದ್ದರಿಂದ ಆಟದ ಹೊತ್ತು, ಊಟದ ಹೊತ್ತು ಬೇರೆ ಬೇರೆ ಇರಲಿ. ಬೆಳಿಗ್ಗೆ ಬಟಾಣಿ ಸುಲಿದು ಎಣಿಸಿ ಆಡಿದ ದಿನ ಮಧ್ಯಾಹ್ನದ ತಟ್ಟೆಯಲ್ಲಿ ಮೂರು ಬಟಾಣಿಗಳಿರಲಿ, ಜೊತೆಗೆ ಅವನು ತಿನ್ನುವ ಪದಾರ್ಥಗಳೂ ಇರಲಿ. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹೆತ್ತವರ ಹೊಣೆ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಹೊಣೆ ಎಂದು ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಮಾಡಿಕೊಟ್ಟ ಹಂಚಿಕೆ ಇಲ್ಲಿ ತುಂಬ ಉಪಯುಕ್ತ. ಮೂರು ಬಟಾಣಿಯೂ ತಟ್ಟೆಯಲ್ಲೇ ಉಳಿದರೆ ಮಾತಿಲ್ಲದೆ ತೆಗೆದುಬಿಡಿ. ಇದರ ಅನನುಕೂಲವನ್ನೂ ಹೇಳಿಬಿಡುತ್ತೇನೆ: ಫಲ ನಿಧಾನ, ಮೊದಲ ಕೆಲವು ವಾರಗಳಲ್ಲಿ ಏನೂ ಆಗುತ್ತಿಲ್ಲ ಎನಿಸುತ್ತದೆ, ಸುತ್ತಲಿನವರಿಗೆ ಇದು ನಿರ್ಲಕ್ಷ್ಯದಂತೆ ಕಾಣುತ್ತದೆ.

ಈ ವಯಸ್ಸಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಆಟವೆಂದರೆ, ನನ್ನ ಮಟ್ಟಿಗೆ, ನಿಜವಾದ ಅಡುಗೆಯಲ್ಲಿ ಕೈಗೂಡಿಸುವುದು. ಆರರಿಂದ ಹತ್ತು ವರ್ಷದ ಮಕ್ಕಳ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಹೆತ್ತವರೊಡನೆ ಸೇರಿ ಅಡುಗೆ ಮಾಡಿದ ಮಕ್ಕಳು, ಹೆತ್ತವರಷ್ಟೇ ಮಾಡಿದ ಅಡುಗೆಯನ್ನು ಉಂಡವರಿಗಿಂತ ಹೆಚ್ಚು ಸಲಾಡ್ ತಿಂದರು. ನಿಮ್ಮ ಮಗ ಸೊಪ್ಪು ಬಿಡಿಸಬಲ್ಲ, ತೊಳೆಯಬಲ್ಲ, ಬೆಂದದ್ದನ್ನು ಹಿಸುಕಬಲ್ಲ, ಮೊಂಡು ಚಾಕುವಿನಿಂದ ಸೌತೆಕಾಯಿಯಂಥ ಮೆತ್ತಗಿನದನ್ನು ನಿಮ್ಮ ಕಣ್ಣೆದುರಿನಲ್ಲಿ ಕತ್ತರಿಸಬಲ್ಲ. ಎಂಟು ವರ್ಷದ ಮಗಳು ಅಳೆಯಬಲ್ಲಳು, ಪಾಕವಿಧಾನ ಓದಿ ಹೇಳಬಲ್ಲಳು, ಸಿಪ್ಪೆ ಹೆರೆಯಬಲ್ಲಳು. ಒಲೆ, ಕುದಿಯುವ ನೀರು, ಹರಿತವಾದ ಚಾಕು ದೊಡ್ಡವರ ಕೈಯಲ್ಲೇ ಇರಲಿ.

ಮಗಳ ವಿಷಯ ನನಗೆ ಮಗನದಕ್ಕಿಂತ ಹೆಚ್ಚು ಗಮನಾರ್ಹವೆನಿಸಿತು. ಎಂಟು ವರ್ಷದ ಮಕ್ಕಳು ನಿಯಮಗಳನ್ನು ಅಕ್ಷರಶಃ ತೆಗೆದುಕೊಳ್ಳುವವರು. ಹಸಿರು ಬುಟ್ಟಿಗೆ ಒಳ್ಳೆಯದು, ಕೆಂಪು ಬುಟ್ಟಿಗೆ ಕೆಟ್ಟದ್ದು ಎಂದು ಅಂಕ ಕೊಡುವ ಆಟವನ್ನು ಮತ್ತೆ ಮತ್ತೆ ಆಡಿದ ಮಗು, ಕೆಟ್ಟದ್ದನ್ನು ತಿನ್ನುವವರು ಕೆಟ್ಟವರು ಎಂಬ ಮುಂದಿನ ಹೆಜ್ಜೆಯನ್ನು ತಾನೇ ಇಡುತ್ತದೆ. ತಮ್ಮನಿಗೆ ಬೈಯುವುದು, ಕೇಕು ನಿರಾಕರಿಸುವುದು ಅಲ್ಲಿಂದ ಬಂದಿರಬಹುದು. ಆ ಆಟವನ್ನು ಸದ್ದಿಲ್ಲದೆ ತೆಗೆದುಹಾಕಿ. ದಿನವೂ ತಿನ್ನುವವು, ಆಗಾಗ ತಿನ್ನುವವು ಎಂಬ ಮಾತು ಮನೆಯಲ್ಲಿ ಬಳಕೆಗೆ ಬರಲಿ, ಅವಳ ಎದುರಿಗೆ ನೀವೂ ಒಂದು ತುಂಡು ಕೇಕನ್ನು ಸಹಜವಾಗಿ ತಿನ್ನಿ. ತೂಕ, ದಪ್ಪ, ಸಣ್ಣ ಎಂಬ ಮಾತುಗಳನ್ನು ಊಟದ ಸುತ್ತ ಆಡಬೇಡಿ. ಟ್ಯಾಬ್ಲೆಟ್ ಆಟಗಳಲ್ಲಿ ಇನ್ನೊಂದು ಅಪಾಯವಿದೆ. ಆಹಾರ ಕಂಪನಿಗಳು ತಮ್ಮ ತಿನಿಸುಗಳ ಪ್ರಚಾರಕ್ಕೆಂದೇ ಮಾಡಿಸುವ ಆಟಗಳಿವೆ. ನೆದರ್‌ಲೆಂಡ್ಸ್‌ನಲ್ಲಿ ಫ್ರಾನ್ಸ್ ಫೋಕ್‌ವೋರ್ಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಆಟವಾಡಿದ ಎಂಟರಿಂದ ಹತ್ತು ವರ್ಷದ ಮಕ್ಕಳು ಆಟದ ನಂತರ ಹೆಚ್ಚು ತಿಂದರು; ಆಟದಲ್ಲಿದ್ದದ್ದು ಹಣ್ಣಿನ ಪ್ರಚಾರವಾಗಿದ್ದರೂ ಪರಿಣಾಮ ಅದೇ ಆಗಿತ್ತು. ಮಕ್ಕಳನ್ನು ಗುರಿಯಾಗಿಸಿದ ಆಹಾರ ಪ್ರಚಾರವನ್ನು ತಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಶಿಫಾರಸು ಮಾಡಿದೆ. ಆಟ ಉಚಿತವಾಗಿದ್ದು, ಅದರಲ್ಲಿ ಒಂದೇ ಬ್ರ್ಯಾಂಡಿನ ತಿನಿಸು ಪದೇ ಪದೇ ಕಂಡರೆ ಅದು ಯಾರ ಹಣದಲ್ಲಿ ತಯಾರಾಗಿದೆ ಎಂದು ಊಹಿಸುವುದು ಕಷ್ಟವೇನಲ್ಲ.

ಆ ಜಾಗಕ್ಕೆ ಅವಳ ವಯಸ್ಸಿಗೆ ತಕ್ಕ ಪ್ರಯೋಗಗಳನ್ನು ಕೊಡಿ. ಕೆಂಪು ಎಲೆಕೋಸನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೇರಳೆ ನೀರಿಗೆ ನಿಂಬೆರಸ ಬಿದ್ದರೆ ಗುಲಾಬಿಯಾಗುತ್ತದೆ, ಅಡುಗೆ ಸೋಡಾ ಬಿದ್ದರೆ ನೀಲಿಹಸಿರಾಗುತ್ತದೆ. ಆಂಥೋಸಯನಿನ್ ಎಂಬ ವರ್ಣದ್ರವ್ಯ ಆಮ್ಲ ಕ್ಷಾರಗಳಿಗೆ ಸ್ಪಂದಿಸುವ ಬಗೆ ಅದು. ಮೂಗು ಹಿಡಿದು ಹಣ್ಣಿನ ಚೂರೊಂದನ್ನು ಅಗಿದು, ಅರ್ಧದಲ್ಲಿ ಮೂಗು ಬಿಟ್ಟರೆ ರುಚಿ ಒಮ್ಮೆಲೇ ಅರಳುತ್ತದೆ; ನಾವು ರುಚಿ ಎನ್ನುವುದರಲ್ಲಿ ವಾಸನೆಯ ಪಾಲೆಷ್ಟು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಫ್ರಾನ್ಸಿನ ಜಾಕ್ ಪ್ಯೂಸೆ 1970ರ ದಶಕದಲ್ಲಿ ಶಾಲಾ ಮಕ್ಕಳಿಗಾಗಿ ಆರಂಭಿಸಿದ ರುಚಿಯ ಪಾಠಗಳ ತಿರುಳು ಇದೇ ಆಗಿತ್ತು: ಒಳ್ಳೆಯದು ಕೆಟ್ಟದ್ದು ಎನ್ನದೆ ಹುಳಿ, ಒಗರು, ಮೆತ್ತಗೆ, ಗರಿಗರಿ ಎಂದು ಬಣ್ಣಿಸಲು ಕಲಿಸುವುದು. ತಮ್ಮನಿಗೆ ಕಣ್ಣು ಕಟ್ಟಿ ವಾಸನೆಯಿಂದ ತರಕಾರಿ ಗುರುತಿಸುವ ಆಟ ಆಡಿಸುವ ಜವಾಬ್ದಾರಿಯನ್ನು ಅವಳಿಗೇ ವಹಿಸಿದರೆ ಬೈಯುವ ಅಕ್ಕನಿಗೆ ಬೇರೊಂದು ಕೆಲಸ ಸಿಕ್ಕಂತಾಗುತ್ತದೆ.

ನಿಮ್ಮ ಅತ್ತೆಯವರ ಬೇಸರವನ್ನು ನಾನು ಮೂಢನಂಬಿಕೆ ಎನ್ನಲಾರೆ. ಆಹಾರವನ್ನು ಕಿಲೋಗಟ್ಟಲೆ ಸುರಿದು ಅದರಲ್ಲಿ ಮಕ್ಕಳನ್ನು ಕೂರಿಸಿ ಆಡಿಸಿ ಕೊನೆಗೆ ಕಸಕ್ಕೆ ಹಾಕುವ ವಿಡಿಯೊಗಳನ್ನು ಕಂಡಾಗ ನನಗೂ ಹಾಗೆಯೇ ಅನಿಸುತ್ತದೆ. ಮುಟ್ಟಿ ಮೂಸಿ ನೋಡಿದ ಮಕ್ಕಳು ಆಹಾರವನ್ನು ಹೆಚ್ಚು ಪೋಲು ಮಾಡುತ್ತಾರೆಂಬ ಭಯಕ್ಕೆ ಮಾತ್ರ ಆಧಾರ ಕಾಣುವುದಿಲ್ಲ. ಒಂದು ಹಿಡಿಯಷ್ಟೇ ಬಳಸಿ, ಆಡಿದ್ದನ್ನು ತೊಳೆದು ಬೇಯಿಸಿ, ಅಚ್ಚಿಗೆ ಸಿಪ್ಪೆ ಬುಡಗಳನ್ನೇ ಹಿಡಿಯಿರಿ. ಇಷ್ಟನ್ನು ಪಾಲಿಸಿದರೆ ಅವರ ಆಕ್ಷೇಪದಲ್ಲಿರುವ ನ್ಯಾಯಕ್ಕೆ ಮರ್ಯಾದೆ ಸಂದಂತಾಗುತ್ತದೆ. ಕಾಳು ಆರಿಸುವಾಗ, ಸೊಪ್ಪು ಸೋಸುವಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಅವರನ್ನೇ ಕೇಳಿ ನೋಡಿ.

ಇನ್ನು ಕಾಳಿನ ಕ್ರಾಫ್ಟ್. ಒಮ್ಮೆ ಮೂಗಿಗೆ ಹಾಕಿಕೊಂಡ ಮಗು ಮತ್ತೊಮ್ಮೆ ಹಾಕಿಕೊಳ್ಳಬಹುದು. ಆದ್ದರಿಂದ ಸದ್ಯಕ್ಕೆ ಅದನ್ನು ನಿಲ್ಲಿಸಿ ಎಂದೇ ಹೇಳುತ್ತೇನೆ. ಒಣ ಕಾಳು ಮೂಗಿನ ತೇವಕ್ಕೆ ಉಬ್ಬುತ್ತದೆ, ಚಿಮಟದಿಂದ ಕೆದಕಿದರೆ ಇನ್ನೂ ಒಳಗೆ ಸರಿಯುತ್ತದೆ. ಕಿವಿಗೆ ಹೋದರೆ ನೀರು ಹಾಕಬಾರದು. ಎರಡಕ್ಕೂ ವೈದ್ಯರ ಬಳಿಗೇ ಹೋಗಬೇಕು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರತೊಡಗಿದರೆ ಗೊತ್ತಾಗದಂತೆ ಏನೋ ಸೇರಿಕೊಂಡಿದೆ ಎಂದು ಅನುಮಾನಿಸಬೇಕು. ಉಸಿರುಗಟ್ಟುವ ಅಪಾಯ ಇದಕ್ಕಿಂತ ದೊಡ್ಡದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ವ್ಯಾಸ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಹಿಡಿಸುವುದೆಲ್ಲ ಅಪಾಯಕಾರಿ ಎಂದು ಲೆಕ್ಕ. ಬಟಾಣಿ, ಕಡಲೆ, ಇಡೀ ದ್ರಾಕ್ಷಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಮನೆಗೆ ಆ ವಯಸ್ಸಿನ ಮಕ್ಕಳು ಬಂದಾಗ ಇವನ್ನು ಹರಡಿ ಕೂರಬೇಡಿ. ಐದು ವರ್ಷದೊಳಗಿನವರಿಗೆ ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕಾಗಿ ಸೀಳಿಯೇ ಕೊಡಬೇಕು, ಇಡೀ ಬಾದಾಮಿ, ಕಡಲೆಕಾಯಿ ಬೀಜಗಳನ್ನು ಕೊಡಬಾರದು.

ಅಂಟಿಸುವ ಕಾಳುಗಳಲ್ಲಿ ಕೆಂಪು ರಾಜ್ಮಾ ಇದ್ದರೆ ಇನ್ನೊಂದು ಎಚ್ಚರ ಬೇಕು. ಹಸಿಯಾಗಿ ತಿಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ನಾಲ್ಕೈದು ಕಾಳಿಗೇ ವಿಪರೀತ ವಾಂತಿ, ಭೇದಿ ತರಬಹುದು. ನೆನೆಸಿ ಚೆನ್ನಾಗಿ ಕುದಿಸಿದ ಮೇಲೆ ಆ ಭಯವಿಲ್ಲ. ಹಸಿ ಹಿಟ್ಟಿಗೆ ಉಪ್ಪು ಸೇರಿಸಿ ಗೊಂಬೆ ಮಾಡುವುದು ನಿರಪಾಯ ಎಂದು ಅನೇಕರು ತಿಳಿದಿದ್ದಾರೆ. ಬೀಸಿದ ಹಿಟ್ಟಿನಲ್ಲಿ ರೋಗಾಣುಗಳು ಉಳಿದಿರಬಹುದು. 2016ರಲ್ಲಿ ಅಮೆರಿಕದಲ್ಲಿ ಹಿಟ್ಟಿನಿಂದ ಹರಡಿದ ಈ-ಕೋಲೈ ಸೋಂಕಿನ ತನಿಖೆ ನಡೆದಾಗ, ರೆಸ್ಟೊರೆಂಟುಗಳಲ್ಲಿ ಆಡಲು ಕೊಟ್ಟ ಹಸಿ ಹಿಟ್ಟಿನ ಮುದ್ದೆಯಿಂದ ಮಕ್ಕಳು ಕಾಯಿಲೆ ಬಿದ್ದದ್ದೂ ತಿಳಿದುಬಂತು. ನೀರು ಬೆರೆಸಿ ಒಲೆಯ ಮೇಲೆ ಬೇಯಿಸಿ ಮಾಡಿದ ಮುದ್ದೆ ಹೆಚ್ಚು ಕ್ಷೇಮ. ಅದರಲ್ಲಿ ಉಪ್ಪು ಬಹಳವಿರುವುದರಿಂದ ತಿನ್ನಲು ಬಿಡಬಾರದು, ಸಾಕುನಾಯಿಗೂ ಅದು ಅಪಾಯಕಾರಿ. ನೆರೆಮನೆಯ ಮಕ್ಕಳು ಸೇರುವ ದಿನ ಅಲರ್ಜಿಯ ಬಗ್ಗೆ ಮೊದಲೇ ವಿಚಾರಿಸಿ. ಗೋಧಿ ಹಿಟ್ಟಿನ ಮುದ್ದೆ, ಮೊಟ್ಟೆಯ ಟ್ರೇ, ಹಾಲಿನ ಡಬ್ಬಿ, ಕಡಲೆಕಾಯಿ ಸಿಪ್ಪೆ ಇವು ಕ್ರಾಫ್ಟ್ ಸಾಮಗ್ರಿಯಾದ ಮಾತ್ರಕ್ಕೆ ಅಲರ್ಜಿಕಾರಕವಲ್ಲದಾಗುವುದಿಲ್ಲ. ನೀರು ಹೀರಿ ಹಲವು ಪಟ್ಟು ಉಬ್ಬುವ ಬಣ್ಣದ ಜೆಲ್ ಮಣಿಗಳು ಮಿಠಾಯಿಯಂತೆಯೇ ಕಾಣುತ್ತವೆ, ನುಂಗಿದರೆ ಕರುಳನ್ನು ಕಟ್ಟಿಹಾಕುತ್ತವೆ. ಅವು ಮನೆಯಲ್ಲಿರುವುದೇ ಬೇಡ. ನಿಮ್ಮ ಆಟಿಕೆ ಅಡುಗೆಮನೆಯ ಒಲೆ ಸದ್ದು ಮಾಡುವಂಥದ್ದಾಗಿದ್ದರೆ ಅದರ ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಭದ್ರವಾಗಿದೆಯೇ ಎಂದು ಇಂದೇ ನೋಡಿ. ನುಂಗಿದ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರವಾದ ಸುಟ್ಟಗಾಯ ಮಾಡಬಲ್ಲದು, ಮೂಗಿನಲ್ಲಿ ಸಿಕ್ಕಿದರೂ ಅದು ತುರ್ತು ಪರಿಸ್ಥಿತಿಯೇ.

ನಿಮ್ಮ ವಿವರಣೆಯ ಪ್ರಕಾರ ಮಗನಲ್ಲಿ ಚಿಂತಿಸಬೇಕಾದ ಲಕ್ಷಣಗಳು ಕಾಣುತ್ತಿಲ್ಲ. ತಿನ್ನುವ ಒಟ್ಟು ಪದಾರ್ಥಗಳು ಇಪ್ಪತ್ತಕ್ಕಿಂತ ಕಡಿಮೆಯಾದರೆ, ಇದ್ದವೂ ಒಂದೊಂದಾಗಿ ಕಳಚಿಕೊಂಡು ಮರಳಿ ಬಾರದಿದ್ದರೆ, ತೂಕ ಏರುವುದು ನಿಂತರೆ, ನುಂಗುವಾಗ ಕೆಮ್ಮು, ಓಕರಿಕೆ, ನೋವು ಕಂಡರೆ ಅಥವಾ ಊಟದ ಹೊತ್ತೆಂದರೆ ಮಗು ನಡುಗುವಂತಾದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಇಂಥ ತೀವ್ರವಾದ ಆಹಾರ ನಿರಾಕರಣೆಯನ್ನು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಿಂದ ಪ್ರತ್ಯೇಕ ತೊಂದರೆಯಾಗಿ ಗುರುತಿಸಿದೆ. ಅದಕ್ಕೆ ಚಿಕಿತ್ಸೆ ಬೇಕಾಗುತ್ತದೆ, ಮನೆಯ ಆಟಗಳಿಂದ ಅದು ಸರಿಹೋಗದು. ಮಗಳ ವಿಷಯದಲ್ಲಿ, ಆಟ ತೆಗೆದ ಮೇಲೆಯೂ ಒಂದೆರಡು ತಿಂಗಳು ಅವಳು ಪದಾರ್ಥಗಳನ್ನು ಬಿಡುತ್ತಲೇ ಹೋದರೆ, ಬಚ್ಚಿಟ್ಟರೆ, ತಿಂದದ್ದಕ್ಕೆ ಪಶ್ಚಾತ್ತಾಪಪಟ್ಟರೆ ಅಥವಾ ತನ್ನ ಮೈಯ ಬಗ್ಗೆ ಹೀಗಳೆದುಕೊಂಡರೆ ತಡಮಾಡಬೇಡಿ. ಇಬ್ಬರಲ್ಲಿ ಯಾರನ್ನು ಕರೆದೊಯ್ದರೂ ಒಂದು ವಾರ ತಿಂದದ್ದು, ಕುಡಿದದ್ದು, ನಿರಾಕರಿಸಿದ್ದು ಮೂರನ್ನೂ ಬರೆದಿಟ್ಟ ಹಾಳೆಯನ್ನು, ಜೊತೆಗೆ ಹಿಂದಿನ ತೂಕ ಎತ್ತರಗಳ ದಾಖಲೆಯನ್ನು ಒಯ್ಯಿರಿ. ವೈದ್ಯರೊಡನೆ ಮಾತಾಡುವಾಗ ಮಗುವನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು ಒಳ್ಳೆಯದು.